ಮೇಲೆ ಫ್ಯಾಮಿಲಿ ರೂಮ್ ಉಂಟು

ನನ್ನ ತವರಿನವರು ಓದಿದರೆ ಗಾಬರಿಯಾದಾರು, ಆದರೂ ಹೇಳಿಬಿಡುತ್ತೇನೆ. ದಕ್ಷಿಣ ಬೆಂಗಳೂರಿನ ಬಾರ್‌ಗಳ ಬಗ್ಗೆ ನನಗಿರುವ ತಿಳಿವಳಿಕೆ ನಮ್ಮ ಮನೆತನದ ಗಂಡಸರಿಗೂ ಇರಲಿಕ್ಕಿಲ್ಲ. ಹಾಗಂತ ನಾನು ಈವರೆಗೆ ಕುಡಿದದ್ದನ್ನೆಲ್ಲ ಸೇರಿಸಿದರೂ ಅರ್ಧ ಗ್ಲಾಸು ಬಿಯರ್ ಆದೀತು, ಅದೂ ಮುಖ ಸಿಂಡರಿಸಿಕೊಂಡು. ಉಳಿದದ್ದೆಲ್ಲ ತಿಂದದ್ದು ಮತ್ತು ಮಾತಾಡಿದ್ದು.

ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಗದಗಿನಿಂದ ಬನಶಂಕರಿಗೆ ಬಂದೆ. ಗಂಡನ ಮನೆಯಲ್ಲಿ ಎರಡು ಕೋಣೆ, ಒಂದು ಹಾಲ್. ಒಂದು ಕೋಣೆ ಅತ್ತೆ ಮಾವನದು, ಒಂದು ನಮ್ಮದು. ಹಾಲಿನಲ್ಲಿ, ನಮ್ಮ ಬಾಗಿಲಿಗೆ ಅಂಟಿಕೊಂಡಂತೆ ಹಾಕಿದ ಮಂಚದ ಮೇಲೆ ಮಾವನ ತಾಯಿ, ಅಜ್ಜಿ. ಅಜ್ಜಿಗೆ ಕಣ್ಣು ಮಂಜಾಗಿತ್ತು. ಆ ನಷ್ಟವನ್ನು ದೇವರು ಕಿವಿಯಲ್ಲಿ ತುಂಬಿಕೊಟ್ಟಿದ್ದ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ತೆಗೆದರೆ ಹಾಲಿನಿಂದ “ಯಾವುದಕ್ಕೆ ಒಗ್ಗರಣೆ?” ಎಂದು ಪ್ರಶ್ನೆ ಬರುತ್ತಿತ್ತು. ಇನ್ನು ಹೊಸದಾಗಿ ಮದುವೆಯಾದವರ ಪಿಸುಮಾತಿನ ಗತಿ ನೀವೇ ಊಹಿಸಿ.

ನಮ್ಮೆಜಮಾನರು ಮೊದಲೇ ಮಿತಭಾಷಿ. ನಾನು ಏನಾದರೂ ಶುರುಮಾಡಿದರೆ ಬಾಗಿಲ ಕಡೆ ಕಣ್ಣು ತೋರಿಸಿ ತುಟಿಯ ಮೇಲೆ ಬೆರಳಿಡುತ್ತಿದ್ದರು. ನನಗೋ ಹೇಳಲೇಬೇಕಾದ ಸಂಗತಿಯೊಂದಿತ್ತು. ಗದಗಿನಲ್ಲಿ ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಹೊಸಕೆರೆಹಳ್ಳಿಯ ಶಾಲೆಯೊಂದರಲ್ಲಿ ಕನ್ನಡಕ್ಕೆ ಟೀಚರ್ ಬೇಕಾಗಿದ್ದಾರೆಂದು ಗೊತ್ತಾಗಿ, ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ಆಸೆಯಿಂದ ಹೇಳಿದ್ದೆ. ಅವರು ಕೈಲಿದ್ದ ಸೌಟನ್ನು ಕೆಳಗಿಟ್ಟು, ಹಾಲಿಗೂ ಕೇಳುವಂತೆ, “ನಮ್ಮನೇಲಿ ಸೊಸೆಯಂದ್ರು ಹೊರಗಡೆ ದುಡಿಯಕ್ಕೆ ಹೋದ ಪದ್ಧತಿ ಇಲ್ಲ ಕಣೆ” ಎಂದಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು. ನನ್ನೊಳಗೆ ಮುಗಿದಿರಲಿಲ್ಲ.

ಮಾತಾಡಲು ಜಾಗ ಹುಡುಕಿದೆವು. ಜಯನಗರದ ಪಾರ್ಕಿನ ಬೆಂಚುಗಳಲ್ಲಿ ಮಾವನ ವಾಕಿಂಗ್ ಗೆಳೆಯರು ಸಾಲಾಗಿ ಕೂತಿರುತ್ತಿದ್ದರು. ದರ್ಶಿನಿಗೆ ಹೋದರೆ ಅಲ್ಲಿ ಮನುಷ್ಯ ನಿಂತೇ ತಿನ್ನಬೇಕು. ದೋಸೆಯ ಕೊನೆಯ ತುಂಡು ಬಾಯಿಗಿಡುವಷ್ಟರಲ್ಲಿ ಇನ್ಯಾರದೋ ತಟ್ಟೆ ನಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತದೆ. ದರ್ಶಿನಿಯ ಕಾಫಿಯ ಮುಂದೆ ಸಂಸಾರದ ಸಮಸ್ಯೆ ಬಗೆಹರಿಸಿಕೊಂಡವರನ್ನು ನಾನು ಕಂಡಿಲ್ಲ.

ಕೊನೆಗೊಂದು ಶನಿವಾರ ಸಂಜೆ ನಮ್ಮೆಜಮಾನರು ಸ್ಕೂಟರನ್ನು ಜೆ.ಪಿ. ನಗರದ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಮುಂದೆ ನಿಲ್ಲಿಸಿದರು. ಬಾಗಿಲಲ್ಲಿದ್ದ ಕುಂದಾಪುರ ಕಡೆಯ ಹಿರಿಯ ವೇಟರ್ ಕೇಳಿದರು, “ಫ್ಯಾಮಿಲಿ ಇದ್ದಾರಾ ಸಾರ್? ಮೇಲೆ ಫ್ಯಾಮಿಲಿ ರೂಮ್ ಉಂಟು.” ನಾನು ಹಿಂತಿರುಗಿ ನೋಡಿದೆ, ಯಾರಾದರೂ ಮಕ್ಕಳುಮರಿಯೊಂದಿಗೆ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಬೆಂಗಳೂರಿನ ಗಂಡಸರ ಕನ್ನಡದಲ್ಲಿ ಫ್ಯಾಮಿಲಿ ಎಂದರೆ ಹೆಂಡತಿ ಎಂಬುದು ನನಗೆ ತಿಳಿದದ್ದು ಆಗಲೇ. ಒಬ್ಬಳೇ ಒಂದು ಕುಟುಂಬವಾಗಿ ಮೆಟ್ಟಿಲು ಹತ್ತಿದೆ.

“ಇಲ್ಲೆ ಹೆಣ್ಮಕ್ಕಳು ಬರ್ತಾರೇನ್ರಿ?” ಎಂದೆ.

“ಬರ್ತಾರೆ. ನಮ್ಮ ಏರಿಯಾದವರು ಬರಲ್ಲ, ಅದು ಮುಖ್ಯ” ಎಂದರು ನಮ್ಮೆಜಮಾನರು.

ಅದೊಂದು ಶಾಸ್ತ್ರವೇ. ಜಯನಗರದವರು ಬಿ.ಟಿ.ಎಂ. ಕಡೆಗೆ ಹೋಗಿ ಕುಡಿಯುತ್ತಾರೆ, ಜೆ.ಪಿ. ನಗರದವರು ಬನಶಂಕರಿಗೆ, ಬನಶಂಕರಿಯವರು ಜೆ.ಪಿ. ನಗರಕ್ಕೆ. ಎಲ್ಲರೂ ಅವರವರ ಬಡಾವಣೆಯಲ್ಲಿ ಸಭ್ಯರು. ಸಭ್ಯತೆ ಉಳಿಸಿಕೊಳ್ಳಲು ಇಷ್ಟೊಂದು ಪೆಟ್ರೋಲು ಸುಡುವ ಊರು ಇನ್ನೊಂದಿಲ್ಲ.

ಮಬ್ಬು ಬೆಳಕು, ಮೂಲೆಯಲ್ಲಿ ಮೀನಿನ ತೊಟ್ಟಿ, ಸಾಲು ಕ್ಯಾಬಿನ್ನುಗಳಿಗೆ ಕಂದು ಪರದೆ. ಅವರಿಗೊಂದು ಬಿಯರ್, ನನಗೊಂದು ನಿಂಬೆ ಸೋಡಾ ಬಂತು. ಜೊತೆಗೆ ಈರುಳ್ಳಿ ಟೊಮೆಟೊ ಹೆಚ್ಚಿಹಾಕಿದ ಕಡಲೆಬೀಜದ ಮಸಾಲೆ. ಆ ಕಡಲೆಬೀಜಕ್ಕೆ ನಾನು ಸೋತೆ. ಬಿಯರನ್ನು ಒಂದು ಗುಟುಕು ಕುಡಿದು ನೋಡಿದೆ. ಹುಳಿ ಬಂದ ಬೇಳೆಕಟ್ಟಿನ ಹಾಗಿತ್ತು. ಈ ರುಚಿಗಾಗಿ ಗಂಡಸರು ಮನೆಮಠ ಕಳೆದುಕೊಳ್ಳುವುದೇ ಎಂದು ಅಚ್ಚರಿಯಾಯಿತು.

ಅರ್ಧ ಗ್ಲಾಸು ಇಳಿದ ಮೇಲೆ ನಮ್ಮೆಜಮಾನರು ಮೇಜು ನೋಡುತ್ತ ಹೇಳಿದರು, “ನನಗೆ ನಿನ್ನ ಕಂಡ್ರೆ ಸ್ವಲ್ಪ ಹೆದರಿಕೆ.”

“ನಾ ಏನ್ ಮಾಡೇನ್ರಿ?”

“ಏನೂ ಇಲ್ಲ. ನೀನು ಮಾತಾಡಿದ್ರೆ ಜಗಳ ಆಡ್ತಿದೀಯ ಅನ್ಸುತ್ತೆ.”

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಪ್ರೀತಿಯಿಂದ ಊಟಕ್ಕೆ ಕರೆದರೂ ಹಾಗೇ ಕೇಳಿಸುತ್ತದೆ ಎಂದು ವಿವರಿಸಿದೆ. ಆಮೇಲೆ, ಮದುವೆಯಾದ ಮೇಲೆ ಮೊದಲ ಸಲ, ಪೂರಾ ದನಿಯಲ್ಲಿ ಶಾಲೆಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವರು ತಮ್ಮ ಕರ್ಚೀಫು ಕೊಟ್ಟು, “ಅಮ್ಮನ ಹತ್ರ ನಾನು ಮಾತಾಡ್ತೀನಿ” ಎಂದರು.

ಮಾತಾಡಲಿಲ್ಲ. ಪ್ರತಿ ಶನಿವಾರ ಬಿಯರಿನ ಮುಂದೆ ಧೈರ್ಯ ಬರುತ್ತಿತ್ತು, ಮನೆ ಬಾಗಿಲಲ್ಲಿ ಇಳಿಯುತ್ತಿತ್ತು. ಅವರ ಧೈರ್ಯಕ್ಕೆ ಕಾಯುತ್ತ ನಾವು ದಕ್ಷಿಣ ಬೆಂಗಳೂರನ್ನೆಲ್ಲ ತಿರುಗಿದೆವು. ಬಿ.ಟಿ.ಎಂ.ನ ಒಂದು ಕಡೆ ಗೋಬಿ ಮಂಚೂರಿ ಒಳಗೂ ಗರಿಗರಿಯಾಗಿರುತ್ತಿತ್ತು. ಕನಕಪುರ ರಸ್ತೆಯ ತೋಟದಲ್ಲಿ ತೆಂಗಿನಗರಿಯ ಗುಡಿಸಲು, ಬಿಸಿ ಹೆಸರುಕಾಳಿನ ಉಸಲಿ, ನಮ್ಮನ್ನೇ ತಿನ್ನುವ ಸೊಳ್ಳೆ. ಅವರ ಬಾಲ್ಯ, ನನ್ನ ತಮ್ಮನ ಕಾಯಿಲೆ, ಇಬ್ಬರಿಗೂ ಮೊದಲು ನೋಡಿದ್ದ ಸಂಬಂಧಗಳು, ಎಲ್ಲ ಅಲ್ಲಲ್ಲಿ ಗೊತ್ತಾದವು. ನನ್ನ ಗಂಡನ ಪರಿಚಯ ನನಗೆ ಕಂತುಗಳಲ್ಲಿ, ಚಟ್ನಿಯೊಂದಿಗೆ ಆಯಿತು.

ಮನೆಯಲ್ಲಿ ದೇವಸ್ಥಾನಕ್ಕೆ ಹೋಗುತ್ತೇವೆಂದು ಹೇಳುತ್ತಿದ್ದೆವು. ಒಂದು ಶನಿವಾರ ಅತ್ತೆ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೀನಿ. ಆಟೋ ಕರಿ” ಎಂದರು. ನಮ್ಮೆಜಮಾನರ ಮುಖ ಬಿಳಿಚಿಕೊಂಡಿತು. ದೇವಸ್ಥಾನಕ್ಕೇ ಕರೆದೊಯ್ದೆವು. ಮಂಗಳಾರತಿ ತೆಗೆದುಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಅತ್ತೆ ಶಾಂತವಾಗಿ ಕೇಳಿದರು, “ಸರಿ, ಇನ್ನು ನೀವು ವಾರಾ ವಾರಾ ಹೋಗೋ ಕಡೆಗೆ ಹೋಗೋಣ. ಯಾವ ದೇವಸ್ಥಾನದಲ್ಲಿ ಗೋಬಿ ಮಂಚೂರಿ ಪ್ರಸಾದ ಕೊಡ್ತಾರೆ ನೋಡ್ಬೇಕು. ಸೀರೆ ನಾನೇ ಒಗೆಯಕ್ಕೆ ಹಾಕೋದು ಕಣೆ, ವಾಸನೆ ಗೊತ್ತಾಗುತ್ತೆ.”

ಸುಳ್ಳು ಹೇಳಿ ನನಗೂ ಸಾಕಾಗಿತ್ತು. ಆಟೋದವರಿಗೆ ಜೆ.ಪಿ. ನಗರದ ದಾರಿ ಹೇಳಿದೆ. ವೇಟರ್ ಅತ್ತೆಯನ್ನು ನೋಡಿ ಒಂದು ಗಳಿಗೆ ತಬ್ಬಿಬ್ಬಾಗಿ, ಫ್ಯಾನಿನ ಕೆಳಗೆ ಜಾಗ ಮಾಡಿಕೊಟ್ಟರು. ನಮ್ಮೆಜಮಾನರು ಆ ದಿನ ಬಿಯರ್ ಹೇಳಲಿಲ್ಲ, ನೀರು ಕುಡಿದರು. ಅತ್ತೆ ಪರದೆ, ಮೀನು, ಕೆಂಪು ಬಲ್ಬು ಎಲ್ಲ ನೋಡಿ, ಕಡಲೆಬೀಜ ಬಾಯಿಗೆ ಹಾಕಿಕೊಂಡು, “ಇಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಏನೂ ಅನ್ನಲ್ವಾ?” ಎಂದು ಕೇಳಿದರು.

“ಇಲ್ರಿ ಅತ್ತಿ.”

“ಮಾತು ಯಾರಿಗೂ ಕೇಳ್ಸಲ್ವಾ?”

“ಕೇಳ್ಸೂದಿಲ್ಲ.”

ಅತ್ತೆ ಪರದೆಯನ್ನು ಇನ್ನಷ್ಟು ಎಳೆದರು. ಗೋಬಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಆ ಸ್ಕೂಲಿನ ವಿಷಯ. ನಾನಾಗಿ ಬೇಡ ಅಂದಿದ್ದಲ್ಲ ಕಣೆ. ಅಲ್ಲಿ ನಮ್ಮತ್ತೆ ಮಂಚದ ಮೇಲಿಂದ ಕೇಳಿಸ್ಕೊಳ್ತಾ ಇದ್ರು. ಈ ಮನೆಗೆ ಬಂದಾಗಿಂದ ನಾನು ಮಾತಾಡಿರೋದೆಲ್ಲ ಅವರಿಗೆ ಕೇಳ್ಸೋ ಹಾಗೇ. ನನ್ನ ಮಾತು ಯಾವುದು ಅಂತ ನನಗೇ ಮರ್ತೋಗಿದೆ.” ತಟ್ಟೆಯಿಂದ ಒಂದು ಕಡಲೆಬೀಜ ಆರಿಸಿಕೊಂಡು ಹೇಳಿದರು, “ನೀನು ಹೋಗು. ಮನೇಲಿ ನಾನು ಹೇಳ್ಕೋತೀನಿ.”

ನಮ್ಮೆಜಮಾನರು ಗ್ಲಾಸಿನ ನೀರನ್ನೇ ನೋಡುತ್ತಿದ್ದರು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಮೆಣಸಿನಪುಡಿ ಅಂಟಿದ ಕೈ.

ಜೂನಿನಲ್ಲಿ ನಾನು ಶಾಲೆಗೆ ಸೇರಿದೆ. ಅಜ್ಜಿ ವಾರವಿಡೀ ಗೊಣಗಿದರು. ಅತ್ತೆ ಪ್ರತಿ ಗೊಣಗಿಗೂ “ಹೂಂ ಅತ್ತೆ” ಎನ್ನುತ್ತ ನನ್ನ ಡಬ್ಬಿಗೆ ಚಪಾತಿ ಸುತ್ತಿಡುತ್ತಿದ್ದರು.

ಆದರೆ ಆ ಸಂಜೆ ಮೆಟ್ಟಿಲಿಳಿಯುವಾಗ, ನಮ್ಮೆಜಮಾನರು ಆಟೋ ಹುಡುಕಲು ಮುಂದೆ ಹೋದದ್ದನ್ನು ನೋಡಿಕೊಂಡು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು, “ಮುಂದಿನ ಶನಿವಾರ ನಾವಿಬ್ಬರೇ ಬರೋಣ. ಅವನಿದ್ರೆ ಸರಿಯಾಗಿ ಮಾತಾಡಕ್ಕಾಗಲ್ಲ.”

ಹೋದೆವು. ಏನು ಮಾತಾಡಿದಿರಿ ಎಂದು ನಮ್ಮೆಜಮಾನರು ಬಹಳ ವರ್ಷ ಕೇಳಿದರು. ಕಡಲೆಬೀಜ ಚೆನ್ನಾಗಿತ್ತು ಎಂದಷ್ಟೇ ಹೇಳಿದ್ದೇವೆ.