ಖಂಡೇಪೂಜೆಗೆ ಕೂತ ಸರ್ವರು

ನನ್ನ ಗಂಡ ಮಿಲಿಂದ ಅಣ್ಣಿಗೇರಿಯಲ್ಲಿ ಹೈಸ್ಕೂಲ್ ಮಾಸ್ತರರು. ಬೇರೆಯವರ ಗಂಡಂದಿರು ಬೆಳಗಾಗುತ್ತಲೇ ಚಹಾ ಕೇಳಿದರೆ, ಈ ಮಹಾರಾಯರು ಹಿಂದಿನ ಕೋಣೆಗೆ ಹೋಗಿ ಸರ್ವರಿನ ಮುಖ ನೋಡುತ್ತಾರೆ. ಸರ್ವರು ಅಂದರೆ ಮತ್ತೇನಲ್ಲ, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಸದಾ ಇಂಟರ್‌ನೆಟ್ಟಿಗೆ ಜೋಡಿಸಿಟ್ಟ ಹಳೆಯ ಕಂಪ್ಯೂಟರು. ಸುತ್ತಲಿನ ಹಳ್ಳಿಗಳ ಹಿರಿಯರಿಂದ ಹಾಡಿಸಿ ರೆಕಾರ್ಡ್ ಮಾಡಿದ್ದೆಲ್ಲ ಅದರಲ್ಲಿದೆ. ಯಾರು ಬೇಕಾದರೂ ಫೋನಿನಲ್ಲಿ ಕೇಳಬಹುದು.

ಅದರಲ್ಲಿ ಬಮ್ಮಿಗಟ್ಟಿಯ ಕುರಿಗಾರ ಗೂಳಪ್ಪನ ಡೊಳ್ಳಿನ ಹಾಡುಗಳೇ ಹೆಚ್ಚು. ಗಂಟಲಿನ ಆಪರೇಷನ್ ಆದಮೇಲೆ ಗೂಳಪ್ಪನ ದನಿ ಹೋಯಿತು. ಈಗ ಪಿಸುಗುಡುವುದಷ್ಟೇ. ಅವನ ಕಂಠ ಉಳಿದಿರುವುದು ನಮ್ಮ ಹಿಂದಿನ ಕೋಣೆಯಲ್ಲಿ ಮಾತ್ರ ಎಂದು ನೆನೆದರೆ ನನಗೇ ಹೆದರಿಕೆಯಾಗುತ್ತಿತ್ತು.

ಒಮ್ಮೆ ಕುತೂಹಲ ತಡೆಯಲಾರದೆ, ದಿನಾ ಏನು ನೋಡತೀರಿ ಎಂದು ಕೇಳಿದೆ. ಪರದೆಯ ಮೇಲೆ ಸಾಲು ಸಾಲು ಅಕ್ಷರ ಸರಿಯುತ್ತಿದ್ದವು.

"ಇವೆಲ್ಲಾ ಇಂಟರ್‌ನೆಟ್ಟಿನ್ಯಾಗ ಇದರ ಕದಾ ಬಡಿದ ಕಳ್ಳರ ಗುರುತು," ಅಂದರು.

"ನಮ್ಮನಿ ಅವರಿಗೆ ಹೆಂಗ ಗೊತ್ತಾತ್ರಿ?"

"ಗೊತ್ತಿಲ್ಲ. ಸಿಕ್ಕ ಸಿಕ್ಕ ಕದಾ ಎಲ್ಲಾ ಬಡೀತಾರ. ತೆರೆದಿದ್ರ ಒಳಗ ಬರತಾರ."

ಪಾಸ್‌ವರ್ಡನ್ನು ಯಾರಾದರೂ ಊಹಿಸಿಯಾರೆಂದು ಅದನ್ನೇ ಕಿತ್ತುಹಾಕಿ, ತಮ್ಮ ಲ್ಯಾಪ್‌ಟಾಪಿನಲ್ಲಿರುವ ಕೀಲಿಗೆ ಮಾತ್ರ ಆ ಕದ ತೆರೆಯುವಂತೆ ಮಾಡಿದ್ದರು. ಹಾಡುಗಳ ನಕಲಿದ್ದ ಡಿಸ್ಕನ್ನು ಕಪಾಟಿನಲ್ಲಿ ಬೇರೆ ಇಡುತ್ತಿದ್ದರು. ಸರ್ವರಿಗೆ ಜೋಡಿಸಿಟ್ಟರೆ, ಒಳಹೊಕ್ಕವನು ಅದನ್ನೂ ಬಿಡುವುದಿಲ್ಲವಂತೆ.

ಇಷ್ಟು ಜಾಣರು ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಎಡವಿದರು. ಮಹಾನವಮಿಯ ದಿನ ನಮ್ಮ ಅತ್ತೆ ಭೀಮಾಬಾಯಿ ಈಳಿಗೆ, ಕತ್ತರಿಗಳ ಜೊತೆ ಸರ್ವರು, ಡಿಸ್ಕುಗಳಿಗೂ ಅರಿಶಿನ ಕುಂಕುಮ ಹಚ್ಚಿ ಕೂಡಿಸಿದರು. ಅಂದೇ ಪ್ರೋಗ್ರಾಮು ಬರೆದವರಿಂದ ಸಂದೇಶ ಬಂತು: ಹಾಡು ಕೇಳಿಸುವ ಪ್ರೋಗ್ರಾಮಿನಲ್ಲಿ ಕಳ್ಳರು ನುಗ್ಗುವಂಥ ಒಂದು ಕಿಂಡಿ ಇದೆ, ಕೂಡಲೇ ತೇಪೆ ಹಾಕಿರಿ.

"ಪೂಜಿಗೆ ಕುಂತ ಆಯುಧಕ್ಕ ಕೆಲಸಾ ಹಚ್ಚಬಾರದೋ ಮಿಲಿಂದಾ. ನಾಳೆ ಮಾಡು," ಎಂದರು ಅತ್ತೆ. ಮಗ ಹೂಂ ಅಂದರು. ಸರ್ವರು ಮಾತ್ರ ಎಂದಿನಂತೆ ಚಾಲೂ ಇತ್ತು.

ಮರುದಿನ ದಸರಾ. ಸಂಶಿಯ ಬೀಗರಿಗೆ ಬನ್ನಿ ಕೊಟ್ಟು ಬರುವ ಗಡಿಬಿಡಿ. ಒಳ್ಳೆಯ ದಿನ, ಹೊಸ ನಕಲು ಆಗಲಿ ಎಂದು ಡಿಸ್ಕನ್ನು ಸರ್ವರಿಗೆ ಚುಚ್ಚಿ, ತೇಪೆಯನ್ನು ತಿರುಗಿ ಬಂದಮೇಲೆ ಹಾಕಿದರಾಯಿತು ಎಂದು ಬಸ್ಸು ಹತ್ತಿದರು.

ಸಂಜೆ ಬಂದು ನೋಡಿದರೆ ಒಂದು ಹಾಡೂ ತೆರೆಯಲಿಲ್ಲ. ಎಲ್ಲಕ್ಕೂ ಯಾರೋ ಬೀಗ ಜಡಿದು, ರೊಕ್ಕ ಕೊಟ್ಟರೆ ಬಿಡುತ್ತೇವೆ ಎಂದು ಬರೆದಿಟ್ಟಿದ್ದರು. ಇವರು ಮೊದಲು ಇಂಟರ್‌ನೆಟ್ಟಿನ ವೈರು ಕಿತ್ತರು. ಆಮೇಲೆ ಡಿಸ್ಕು ನೆನಪಾಯಿತು.

"ಡಿಸ್ಕೂ ಹಚ್ಚಿ ಹೋಗಿದ್ನಲ್ಲ. ಗೂಳಪ್ಪಗ ಏನಂತ ಹೇಳ್ಲಿ, ಜ್ಯೋತ್ಸ್ನಾ?"

ನನಗೆ ಸಿಟ್ಟು ನೆತ್ತಿಗೇರಿತ್ತು. "ಆಯುಧಕ್ಕ ರಜಾ ಕೊಟ್ರಿ. ಕಳ್ಳರಿಗೂ ರಜಾ ಇತ್ತೇನ್ರಿ?" ಅಂದುಬಿಟ್ಟೆ. ಅವರ ಮುಖ ನೋಡಿ, ಯಾಕಾದರೂ ಅಂದೆನೋ ಅನಿಸಿತು. ಕಣ್ಣು ತಪ್ಪಿಸಲು ಡಿಸ್ಕಿನ ಕಡೆ ತಿರುಗಿದೆ.

"ಇದರ ದೀಪಾ ಯಾಕ ಹತ್ತಿಲ್ರಿ?"

ಅವರು ವೈರು ಎಳೆದು ನೋಡಿದರು. ವೈರು ಚುಚ್ಚುವ ತೂತಿನ ತುಂಬ ಅರಿಶಿನ ಒಣಗಿ ಗಟ್ಟಿಯಾಗಿತ್ತು. ಡಿಸ್ಕು ಸರ್ವರಿಗೆ ತಾಗಿಯೇ ಇರಲಿಲ್ಲ.

"ಬಾಯಿ ತೆರಕೊಂಡು ಕುಂತಿತ್ತಪಾ," ಎಂದರು ಬಾಗಿಲಲ್ಲಿದ್ದ ಅತ್ತೆ. "ಅಲ್ಲೂ ಒಂದೀಟು ಹಚ್ಚಿದೆ."

ಇವರು ನಕ್ಕರೋ ಅತ್ತರೋ ಹೇಳಲಾರೆ.

ಈಗಲೇ ಹಾಡು ಹಾಕಿ ನೋಡ್ರಿ ಎಂದು ನಾನು ಅವಸರ ಮಾಡಿದೆ. "ಕಳ್ಳ ಒಳಗಿದ್ದಾಗ ಕಣಜಕ್ಕ ಕಾಳು ಸುರೂತಾರೇನು?" ಎಂದು ಗದರಿದರು. ಸರ್ವರನ್ನು ಪೂರ್ತಿ ಅಳಿಸಿ, ಲಿನಕ್ಸನ್ನು ಹೊಸದಾಗಿ ಹಾಕಿ, ಮೊದಲು ತೇಪೆ ಹಚ್ಚಿ, ಆಮೇಲೆ ಡಿಸ್ಕಿನ ತೂತನ್ನು ಸ್ಪಿರಿಟ್ಟಿನಲ್ಲಿ ತಿಕ್ಕಿದರು. ದೀಪ ಹತ್ತಿತು. ಹಾಡುಗಳೆಲ್ಲ ಹಾಗೇ ಇದ್ದವು.

ಗೂಳಪ್ಪನನ್ನು ಮನೆಗೆ ಕರೆಸಿ ನಡೆದದ್ದನ್ನೆಲ್ಲ ಹೇಳಿದರು. ಅವನು ಸರ್ವರಿನಿಂದ ಕೇಳಿಬರುತ್ತಿದ್ದ ತನ್ನ ಹಾಡಿಗೆ ತೊಡೆಯ ಮೇಲೆ ತಾಳ ಹಾಕುತ್ತ ಕೂತ.

"ಒಂದು ನಕಲು ನಮ್ಮ ಮನಿ ಬಿಟ್ಟು ಬ್ಯಾರೆ ಊರಾಗ ಇರಬೇಕು, ಗೂಳಪ್ಪ," ಎಂದು ಇವರು ಹೊಸ ಡಿಸ್ಕೊಂದನ್ನು ಅವನ ಕೈಗಿಟ್ಟರು. ಅತ್ತೆ ರೂಢಿಯಂತೆ ಅರಿಶಿನ ಕುಂಕುಮದ ತಟ್ಟೆ ತಂದರು. ಗೂಳಪ್ಪ ಡಿಸ್ಕನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಏನೋ ಅಂದ. ಕೇಳಲು ನಾವು ಬಗ್ಗಬೇಕಾಯಿತು.

"ಇದು ಆಯುಧ ಅಲ್ರಿ ಅವ್ವಾರ. ನನ್ನ ಗಂಟಲಾ."

ಅತ್ತೆ ತಟ್ಟೆಯನ್ನು ಕೆಳಗಿಟ್ಟರು.