ಕಂಬಳಿ ಹೊದ್ದ ಬಾಳೆ

ಗ್ಯಾರೇಜಿನ ಮೂಲೆಯಿಂದ ಹಳೆಯ ಕಂಬಳಿ ಎಳೆದಾಗ ಅದೇ ವಾಸನೆ: ಒದ್ದೆ ಹುಲ್ಲು, ಕೊಳೆತ ಬಾಳೆಪಟ್ಟೆ. ನವೆಂಬರ್ ಬಂತೆಂದರೆ ಮೊದಲು ಮೂಗಿಗೆ ಈ ವಾಸನೆ, ಆಮೇಲೆ ತಲೆಗೆ ಸಿಟ್ಟು. ಇಷ್ಟು ವರ್ಷಗಳಲ್ಲಿ ಸಿಟ್ಟು ಒಮ್ಮೆಯೂ ತಡಮಾಡಿಲ್ಲ. ಸಮಯಪಾಲನೆಯನ್ನು ಅದಕ್ಕೂ ನಾನೇ ಕಲಿಸಿರಬೇಕು.

ನೋಡಿ, ಟೆಕ್ಸಾಸಿನ ಈ ಫ್ಲೂಗರ್‌ವಿಲ್‌ನಲ್ಲಿ ಬಾಳೆ ಬೆಳೆಸುವುದು ಕಷ್ಟವಲ್ಲ. ಬೇಸಿಗೆಯಲ್ಲಿ ಸೂರಿನೆತ್ತರ ಏರುತ್ತದೆ. ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಒಮ್ಮೆ ಹಿಮಗಾಳಿ ಬೀಸಿದರೆ ಮುಗಿಯಿತು, ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತದೆ. ಬುಡ ಮಾತ್ರ ಉಳಿದು ಮತ್ತೆ ಮೊದಲಿನಿಂದ ಶುರು. ಹೀಗಾಗಿ ಎಲೆ ಉಂಟು, ಗೊನೆ ಇಲ್ಲ. ಗೊನೆ ಬೇಕಿದ್ದರೆ ಕಾಂಡವನ್ನು ಚಳಿಯಿಂದ ಕಾಪಾಡಬೇಕು. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವನು. ಎರಡು ಗಿಡ, ಎರಡು ಕಂಬಳಿ; ಸಂಜೆ ಐದಕ್ಕೆ ಸುತ್ತುವುದು, ಬೆಳಗ್ಗೆ ಎಂಟಕ್ಕೆ ಬಿಚ್ಚುವುದು.

"ನನಗೆ ಚಳಿಯಾದ್ರೆ ಇಷ್ಟು ವಿಚಾರಿಸಲ್ಲ ನೀವು," ಎಂದಳು ಹೆಂಡತಿ.

ಎರಡು ಚಳಿಗಾಲ ದಾಟಿದವು. ಆ ಆಗಸ್ಟ್‌ನಲ್ಲಿ ಎರಡು ದಿನ ಹ್ಯೂಸ್ಟನ್‌ಗೆ ಹೋಗಿದ್ದೆ. ಬಂದು ನೋಡಿದರೆ ಬೇಲಿಯ ಪಕ್ಕ ಎರಡು ಮೋಟು!

"ಪಕ್ಕದೂರು ಲಿಯಾಂಡರ್‌ನಿಂದ ಸೌಮ್ಯ ಬಂದಿದ್ಲು ರೀ. ಹೊಸ ಮನೆ, ಸತ್ಯನಾರಾಯಣ ಪೂಜೆ, ಬಾಳೆಕಂಬ ಬೇಕಂತೆ. ದೇವರ ಕೆಲಸಕ್ಕೆ ಇಲ್ಲ ಅನ್ನೋಕಾಗುತ್ತಾ?"

"ಪಕ್ಕದಲ್ಲೇ ಸಣ್ಣ ಗಿಡ ಇದ್ವಲ್ಲೇ!"

"ಮಂಟಪಕ್ಕೆ ಎರಡೂ ಒಂದೇ ಎತ್ತರ ಇರ್ಬೇಕಲ್ಲ. ಇವೆರಡೇ ಹಾಗಿದ್ದದ್ದು."

ನೀವೇ ಹೇಳಿ, ಶಿಸ್ತಾಗಿ ಬೆಳೆಸಿದ್ದೇ ತಪ್ಪಾಯಿತೇ?

ಪೂಜೆಗೆ ಹೋದೆ. ಮಂಟಪದ ಎರಡೂ ಬದಿಗೆ ನನ್ನ ಗಿಡಗಳು ಟೇಪ್ ಸುತ್ತಿಸಿಕೊಂಡು ನಿಂತಿದ್ದವು. ಪುರೋಹಿತರು ಕಥೆ ಓದುತ್ತಿರುವಾಗ ನಾನು ಬಗ್ಗಿ ಕಡಿದ ಬುಡ ನೋಡಿದೆ. ಪಟ್ಟೆಗಳ ನಡುವೆ ಬಿಳಿಯ ದಿಂಡು ಮೂಡಿತ್ತು. ಹೂವನ್ನು ಹೊತ್ತು ಮೇಲೇರುವ ದಿಂಡು! ಇನ್ನು ಕೆಲವೇ ವಾರ ಬಿಟ್ಟಿದ್ದರೆ ಹೂ ಹೊರಬರುತ್ತಿತ್ತು.

"ಪ್ರಸಾದ ತಗೊಳ್ಳಿ ಅಂಕಲ್. ನಿಮ್ಮ ಬಾಳೆ ಎಷ್ಟು ಗ್ರ್ಯಾಂಡಾಗಿ ಕಾಣ್ತಿದೆ!" ಎಂದಳು ಸೌಮ್ಯ. ಪ್ರಸಾದದಲ್ಲಿದ್ದದ್ದು ಅಂಗಡಿಯ ಬಾಳೆಹಣ್ಣು.

"ಗೊನೆ ಬರೋದಿತ್ತಮ್ಮ ಅದರಲ್ಲಿ."

ಅವಳ ಮುಖ ಬಾಡಿತು. "ಇಲ್ಲಿ ಬರೀ ಶೋಗೆ ಅಂದ್ಕೊಂಡಿದ್ದೆ ಅಂಕಲ್. ಯಾರ ಮನೇಲೂ ಗೊನೆ ನೋಡೇ ಇಲ್ಲ."

ನಿಜ, ನನ್ನ ಮನೆಯಲ್ಲಿ ನಾನೂ ನೋಡಿರಲಿಲ್ಲ. ಬಾಯಲ್ಲಿ ಪ್ರಸಾದವಿದ್ದುದರಿಂದ ಬೈಯಲಾಗಲಿಲ್ಲ.

ಮರುದಿನ ಕ್ಷಮೆ ಕೇಳಲು ಬಂದವಳಿಗೆ ಕಂಬಳಿ ಸುತ್ತುವ ಕೆಲಸ ಹಂಚಿದೆ. ಈಗ ಗಿಡಗಳು ನಾಲ್ಕು. ಎರಡಕ್ಕೆ ಕಂಬಳಿ, ಗೊನೆಗಾಗಿ. ಒಮ್ಮೆ ಗೊನೆ ಬಂತು ಕೂಡ. ಬೆರಳುದ್ದದ ಕಾಯಿ, ಪಲ್ಯಕ್ಕಾಯಿತು. ಇನ್ನೆರಡನ್ನು ಚಳಿಗೇ ಬಿಡುತ್ತೇನೆ. ಅವು ಬುಡದಿಂದ ಚಿಗುರಿ ಶ್ರಾವಣಕ್ಕೆ ಕಂಬದೆತ್ತರ ಬರುತ್ತವೆ. ಅವು ದೇವರಿಗೆ.

ಕಂಬಳಿಯ ಒಂದು ತುದಿ ಹಿಡಿದು ಬೇಲಿಯ ಹತ್ತಿರ ನಿಂತಿದ್ದೇನೆ. ಪ್ರತಿ ನವೆಂಬರ್ ಇನ್ನೊಂದು ತುದಿ ಹಿಡಿಯುವವಳು ಸೌಮ್ಯ. ಐದಕ್ಕೆ ಬರುತ್ತೇನೆಂದವಳು ಐದೂ ಹತ್ತಾದರೂ ಪತ್ತೆಯಿಲ್ಲ. ಒಬ್ಬನೇ ಸುತ್ತಿ ಮುಗಿಸಬಹುದಿತ್ತು. ಸುತ್ತಿಲ್ಲ, ಕಾಯುತ್ತಿದ್ದೇನೆ. ಆದರೂ ಹತ್ತು ನಿಮಿಷ ಎಂದರೇನು!