ಪದ್ಮಕ್ಕನ ಮೂಗು

ಕಳೆದ ವರ್ಷ ಬೇಸಿಗೆಯ ಒಂದು ಬೆಳಗ್ಗೆ, ನಮ್ಮೂರ ಹಾಲಿನ ಡೈರಿಯಲ್ಲಿ, ಎಂದಿನಂತೆ ಒಬ್ಬರ ಕ್ಯಾನಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಯಾವ ವಾಸನೆಯೂ ಬರಲಿಲ್ಲ.

ನೆಗಡಿ ಇರಲಿಲ್ಲ. ಮೂಗು ಕಟ್ಟಿರಲಿಲ್ಲ. ಉಸಿರು ಸರಾಗವಾಗಿತ್ತು. ಇನ್ನೊಬ್ಬರ ಕ್ಯಾನು ತೆಗೆದೆ. ಅದರಲ್ಲೂ ಇಲ್ಲ. ಹಸಿ ಹಾಲು, ಹಿಂಡಿ, ಗಂಜಲ, ಒದ್ದೆ ಸಿಮೆಂಟು ಎಲ್ಲ ಸೇರಿ ಆ ಕೋಣೆಗೆ ಒಂದು ವಾಸನೆ ಇತ್ತು. ಹತ್ತೊಂಬತ್ತು ವರ್ಷ ಅದರಲ್ಲೇ ಬದುಕಿದವಳು ನಾನು. ಅದೂ ಇರಲಿಲ್ಲ. ಸಾಲಿನಲ್ಲಿ ಮೂವತ್ತು ಜನ ಕಾಯುತ್ತಿದ್ದರು.

"ಸರಿ ಇದೆ, ಸುರಿ" ಎಂದೆ.

ಶಾಂತಿಗ್ರಾಮದಿಂದ ನಾಲ್ಕು ಕಿಲೋಮೀಟರ್ ಒಳಗೆ ನಮ್ಮೂರು. ಡೈರಿಯ ಟೆಸ್ಟರ್ ಆಗ ನಾನೇ. ಫ್ಯಾಟ್ ಎಷ್ಟು, ನೀರು ಬೆರೆಸಿದ್ದಾರೋ ಇಲ್ಲವೋ, ಅದನ್ನೆಲ್ಲ ಮೆಷಿನ್ನು ಹೇಳುತ್ತದೆ. ವಾಸನೆ ಹೇಳುವುದಿಲ್ಲ. ಎಲ್ಲರ ಹಾಲೂ ಒಂದೇ ಟ್ಯಾಂಕಿಗೆ ಬೀಳುವುದರಿಂದ, ಹುಳಿಯಾದ ಒಂದು ಪಾತ್ರೆ ಒಳಗೆ ಹೋದರೆ ಊರಿನ ಅಷ್ಟೂ ಹಾಲು ಕೆಟ್ಟಂತೆ. ಅದನ್ನು ತಡೆಯಲು ನನ್ನ ಮೂಗೊಂದೇ ಇದ್ದದ್ದು.

ಈ ಕೆಲಸ ಕಲಿಸಿದವರು ಪದ್ಮಕ್ಕ. ನಮ್ಮೂರಲ್ಲಿ ಜೈನರ ಮನೆ ಎರಡೇ, ಅದರಲ್ಲಿ ಒಂದು ಅವರದು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಅವರೇ ಟೆಸ್ಟರ್. ಒಂದು ದಿನ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದೆ. ಡೈರಿ ಅಧ್ಯಕ್ಷರ ಮನೆಯ ಕ್ಯಾನು ಬಂತು. ಪದ್ಮಕ್ಕ ಮುಚ್ಚಳ ತೆಗೆದು ಮೂಸಿದರು. ಆ ಮುಚ್ಚಳವನ್ನು ಅಧ್ಯಕ್ಷರ ಮೂಗಿಗೇ ಹಿಡಿದು, "ನೀವೇ ನೋಡಿ" ಎಂದರು. ಆ ದೊಡ್ಡ ಮನುಷ್ಯ ಮೂಸಿ, ತಲೆ ಬಗ್ಗಿಸಿ, ಹಾಲನ್ನು ವಾಪಸ್ ತೆಗೆದುಕೊಂಡು ಹೋದರು. ಅತ್ತೆ ಮನೆಯಲ್ಲಿ ಬಾಯಿ ಬಿಡಲೂ ಹೆದರುತ್ತಿದ್ದ ನನಗೆ, ಆಗುವುದಾದರೆ ಇವರ ಹಾಗೆ ಆಗಬೇಕು ಅನ್ನಿಸಿತು.

ಬೇರೆ ಊರಿನ ಟೆಸ್ಟರ್‌ಗಳು ಅನುಮಾನ ಬಂದರೆ ಒಂದು ತೊಟ್ಟು ಹಾಲನ್ನು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಪದ್ಮಕ್ಕ ಹಾಗೆ ಮಾಡುವಂತಿರಲಿಲ್ಲ. ಬೆಳಗ್ಗೆ ಪೂಜೆ ಮುಗಿಯುವ ತನಕ ಅವರು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ತೊಟ್ಟು ನೀರೂ ಇಲ್ಲ. ಡೈರಿ ನಡೆಯುವುದು ಸರಿಯಾಗಿ ಆ ಎರಡು ಹೊತ್ತಿನಲ್ಲೇ. ಹೀಗಾಗಿ ಅವರು ಮೂಗನ್ನೇ ಪಳಗಿಸಿಕೊಂಡಿದ್ದರು. ನಮ್ಮ ಮನೆಯಲ್ಲಿ ಅಂಥ ನೇಮ ಯಾವುದೂ ಇಲ್ಲ, ಭಾನುವಾರ ಕೋಳಿ ಸಾರು ಆಗಲೇಬೇಕು. ಆದರೂ ಅವರ ಜಾಗಕ್ಕೆ ಬಂದ ದಿನದಿಂದ ನಾನೂ ಹಾಲನ್ನು ನಾಲಿಗೆಗೆ ಮುಟ್ಟಿಸಲಿಲ್ಲ. ಪದ್ಮಕ್ಕ ತೀರಿಕೊಂಡ ಮೇಲೆ ಊರವರು ನನ್ನನ್ನೇ "ಪದ್ಮಕ್ಕನ ಮೂಗು" ಎಂದು ಕರೆಯತೊಡಗಿದರು. ಆ ಹಿಗ್ಗನ್ನು ಹೇಗೆ ಹೇಳಲಿ. ನನ್ನ ಸ್ವಂತ ಹೆಸರಿನಲ್ಲಿ ಯಾರಾದರೂ ಕರೆದರೆ ಬೇಜಾರಾಗುವಷ್ಟು.

ಅಂಥವಳು ವಾಸನೆ ಹೋಯಿತು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಹೇಳಲಿಲ್ಲ. ವಿಕ್ಸ್ ಹಾಕಿ ಹಬೆ ತೆಗೆದುಕೊಂಡೆ. ಮೂಗಿಗೆ ತುಂಬೆ ರಸ ಬಿಟ್ಟುಕೊಂಡೆ. ಮೆಡಿಕಲ್ ಸ್ಟೋರಿನವನು ಸೈನಸ್ ಎಂದು ಮಾತ್ರೆ ಕೊಟ್ಟ. ಹಣೆ ನೋವು ಶುರುವಾಯಿತು, ಬಗ್ಗಿದರೆ ಒಡೆದು ಹೋಗುವಷ್ಟು. ಡೈರಿಯಲ್ಲಿ ಮಾತ್ರ ಮುಚ್ಚಳ ತೆಗೆಯುವುದು, ಮೂಗಿಗೆ ಹಿಡಿಯುವುದು, "ಸುರಿ" ಎನ್ನುವುದು ತಪ್ಪಲಿಲ್ಲ. ಸಿಡುಕು ಹೆಚ್ಚಾಯಿತು. ಒಮ್ಮೆ ಸಾರಿಗೆ ಉಪ್ಪು ಕಡಿಮೆ ಎಂದದ್ದಕ್ಕೆ ಗಂಡನ ಮುಂದಿನ ತಟ್ಟೆ ಎತ್ತಿ ಅಂಗಳಕ್ಕೆ ಎಸೆದೆ. "ಮೂಗಿನ್ ತುದೀಲೆ ಕೋಪ ಕಣೆ ನಿಂಗೆ" ಎಂದು ನಕ್ಕುಬಿಟ್ಟರು. ಅವರು ಗೂಡ್ಸ್ ಆಟೋ ಓಡಿಸುವವರು, ಸ್ವಭಾವತಃ ತಣ್ಣಗಿನ ಮನುಷ್ಯ. ಆಮೇಲಾಮೇಲೆ ಅವರೂ ನಗುತ್ತಿರಲಿಲ್ಲ.

ಮೂರು ತಿಂಗಳು ಹೀಗೆ ಕಳೆಯಿತು. ಆಮೇಲೆ ಒಂದು ಬೆಳಗ್ಗೆ, ಟ್ಯಾಂಕರ್ ಜೊತೆ ಬಂದ ಹುಡುಗ ನಮ್ಮ ಟ್ಯಾಂಕಿನ ಮುಚ್ಚಳ ತೆಗೆದವನೇ ಮುಖ ಸಿಂಡರಿಸಿದ.

ಅಷ್ಟೂ ಹಾಲನ್ನು ಚರಂಡಿಗೆ ಬಿಟ್ಟರು.

ಬೆಳ್ಳಗೆ ಹರಿದು ಹೋಗುವುದನ್ನು ಊರೇ ನಿಂತು ನೋಡಿತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಯಾರ್ ಆಲು ಅಂತ ಯೋಳವ್ವ. ಮೂಸ್ದೋಳು ನೀನು."

ಗೊತ್ತಿಲ್ಲ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಕೊನೆಯಲ್ಲಿ ಬಂದವಳು ಜವರಮ್ಮ. ಗಂಡ ಇಲ್ಲದವಳು, ಒಂದೇ ಹಸು, ಸೊಟ್ಟಗಾದ ಅಲ್ಯೂಮಿನಿಯಂ ಪಾತ್ರೆ. ಬೇರೆಯವರ ಹೊಲದ ಕೆಲಸ ಮುಗಿಸಿ ಬರುತ್ತಿದ್ದುದರಿಂದ ಯಾವಾಗಲೂ ತಡ.

"ಜವರಮ್ಮನ ಮೇಲೆ ನಂಗೆ ಅನ್ಮಾನ ಇತ್ತು" ಎಂದೆ.

ಜವರಮ್ಮ ಅಲ್ಲೇ ಇದ್ದಳು. ಅಳಲಿಲ್ಲ, ಕೂಗಾಡಲಿಲ್ಲ. "ಅನ್ಮಾನ ಇದ್ರೆ ಆಗ್ಲೇ ಮುಚ್ಳ ನನ್ ಮೂಗ್ಗೆ ಇಡೀಬೇಕಿತ್ತು ಕಣವ್ವ. ಪದ್ಮಕ್ಕ ಅಂಗೇ ಮಾಡ್ತಿದ್ರು" ಎಂದಳು.

ಅದನ್ನು ಕೇಳಿ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಊರೆದುರು ಅವಳಿಗೆ ಏನೇನು ಅಂದೆನೋ, ಎಲ್ಲವನ್ನೂ ಇಲ್ಲಿ ಬರೆಯಲಾರೆ. ಕೊಳಕಿ ಎಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಬಿದ್ದವರಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ನಾನು ಮೊದಲನೆಯದನ್ನು ಎಸೆದೆ, ಮಿಕ್ಕವರು ಮಿಕ್ಕದ್ದನ್ನು ಎಸೆದರು. ಇನ್ನು ಮುಂದೆ ಅವಳ ಹಾಲು ತೆಗೆದುಕೊಳ್ಳಬಾರದು ಎಂದು ತೀರ್ಮಾನವಾಯಿತು. ಮೂರು ವಾರಕ್ಕೆ ಅವಳು ಹಸುವನ್ನು ಚನ್ನರಾಯಪಟ್ಟಣದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಂದಳು.

ಅದಾದ ತಿಂಗಳಿಗೆ ನನ್ನ ಕಣ್ಣು. ಬಲಗಣ್ಣಿಗೆ ಧೂಳು ಬಿದ್ದು ಮುಚ್ಚಿಕೊಂಡಾಗ ಎದುರಿನ ಮೆಷಿನ್ನಿನ ಕೆಂಪು ಅಂಕಿಗಳು ಮಾಯವಾದವು. ಬಲಗಣ್ಣು ತೆರೆದೆ, ಅಂಕಿ ಇತ್ತು. ಮುಚ್ಚಿದೆ, ಇಲ್ಲ. ಎಡಗಣ್ಣಿನ ದೃಷ್ಟಿ ಯಾವಾಗಿನಿಂದಲೋ ಹೋಗುತ್ತಿತ್ತು, ನನಗೆ ತಿಳಿದೇ ಇರಲಿಲ್ಲ.

ಹಾಸನದ ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಎಂ.ಆರ್.ಐ. ಬರೆದರು. ಮರುದಿನ ನಾವು ಒಬ್ಬ ನ್ಯೂರೋಸರ್ಜನ್ ಎದುರು ಕೂತಿದ್ದೆವು. ನನ್ನ ಮಗಳಾಗುವಷ್ಟು ವಯಸ್ಸಿನ ಹೆಣ್ಣುಮಗಳು.

"ಗೆಡ್ಡೆ ಇದೆ ಅಮ್ಮ. ಹಣೆಯ ಹಿಂದೆ, ಎರಡು ಕಣ್ಣಿನ ನಡುವೆ. ನೋಡಿದರೆ ಕ್ಯಾನ್ಸರ್ ಅನ್ನಿಸಲ್ಲ. ಆದರೆ ಮೂಸಂಬಿಯಷ್ಟಿದೆ, ವರ್ಷಗಟ್ಟಲೆ ಬೆಳೆದಿದೆ. ಆಪರೇಷನ್ ಮಾಡಲೇಬೇಕು. ವಾಸನೆಯ ನರ ಉಳಿಯಲ್ಲ. ಕಣ್ಣು ಉಳಿಸಿಕೊಳ್ಳೋಣ."

"ವಾಸನೆ ಪೂರ್ತಿ ಹೋಗುತ್ತಾ?"

"ಪೂರ್ತಿ. ಜೀವಮಾನಕ್ಕೆ."

ಗಂಡ ಬೇರೆಯದೇ ಕೇಳಿದರು. "ಮೇಡಂ, ಇದ್ರಿಂದ ಮನ್ಸ್ರ ಬುದ್ಧಿ ಬದ್ಲಾಯ್ತದಾ?"

"ಆಗಬಹುದು. ಮಿದುಳಿನ ಮುಂಭಾಗವನ್ನೇ ಒತ್ತುತ್ತಿದೆ. ಕೋಪ, ಅಸಡ್ಡೆ, ಹಿಂದುಮುಂದು ನೋಡದೆ ಮಾತಾಡೋದು..."

ಹೊರಗೆ ಕಾರಿಡಾರಿನಲ್ಲಿ ಗಂಡ ನನ್ನ ಕೈ ಹಿಡಿದುಕೊಂಡರು. "ನೋಡ್ದಾ? ಜವರಮ್ಮನ್ ಇಸ್ಯದಾಗೆ ತಪ್ಪು ನಿಂದಲ್ಲ ಕಣೆ. ಗೆಡ್ಡೆದು."

ಆ ಮಾತು ಎಷ್ಟು ಹಿತವಾಗಿತ್ತೆಂದರೆ, ತಲೆಯಲ್ಲಿ ಗೆಡ್ಡೆ ಇದೆ ಎಂದು ತಿಳಿದ ದಿನವೇ ನಾನು ತಿಂಗಳುಗಳ ನಂತರ ನೆಮ್ಮದಿಯಾಗಿ ಊಟ ಮಾಡಿದೆ.

ತಲೆ ಬೋಳಿಸಿದರು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೊಯ್ದರು. ಒಂಬತ್ತು ಗಂಟೆ ಹಿಡಿಯಿತಂತೆ. ಐ.ಸಿ.ಯು.ನಲ್ಲಿ ಎಚ್ಚರವಾದಾಗ ಕಣ್ಣೆರಡೂ ಊದಿ ಮುಚ್ಚಿಹೋಗಿದ್ದವು. ಕುರುಡಿಯಾದೆ ಎಂದುಕೊಂಡೆ. ಮೂರು ದಿನ ಹಾಗೆಯೇ ಅಂದುಕೊಂಡು ಮಲಗಿದ್ದೆ. ಸುತ್ತ ಮೆಷಿನ್ನುಗಳ ಸದ್ದು, ಗಂಟಲಲ್ಲಿ ಉರಿ, ತಲೆಯಿಂದ ಒಂದು ನಳಿಕೆ. ಪಕ್ಕದ ಬೆಡ್ಡಿನವರು ತೀರಿಕೊಂಡದ್ದು ಅವರ ಮನೆಯವರ ಅಳುವಿನಿಂದ ತಿಳಿಯಿತು. ನಾಲ್ಕನೇ ದಿನ ರೆಪ್ಪೆ ಬಿಡಿಸಿ ನರ್ಸು ಕೇಳಿದಳು, "ಎಷ್ಟು ಬೆರಳು?" ಎಡಗಣ್ಣಿಗೂ ಮಂಜುಮಂಜಾಗಿ ಕಂಡಿತು. ಎರಡು.

ವಾರ್ಡಿಗೆ ಬಂದ ಮೇಲೆ ಗಂಡ ಮಜ್ಜಿಗೆ ಅನ್ನ ತಂದರು. ಒಂದು ತುತ್ತು ಬಾಯಿಗಿಟ್ಟೆ. ಹುಳಿ! ನನಗೆ ಗೊತ್ತಾಯಿತು. ಸಂತೋಷಕ್ಕೆ ಇನ್ನೊಂದು ತುತ್ತು ಇಟ್ಟುಕೊಂಡೆ. ರೌಂಡ್ಸಿಗೆ ಬಂದ ಡಾಕ್ಟರಿಗೆ, ವಾಸನೆ ವಾಪಸ್ ಬರುತ್ತಿದೆ ಎಂದೆ.

"ಇಲ್ಲ ಅಮ್ಮ," ಎಂದರು ಆಕೆ ಮೆಲ್ಲಗೆ. "ಹುಳಿ, ಉಪ್ಪು, ಸಿಹಿ, ಕಹಿ ನಾಲಿಗೆಯ ಕೆಲಸ. ಅದಕ್ಕೂ ಈ ನರಕ್ಕೂ ಸಂಬಂಧ ಇಲ್ಲ. ಅದು ನಿಮಗೆ ಯಾವತ್ತೂ ಹೋಗಿರಲಿಲ್ಲ."

ಯಾವತ್ತೂ ಹೋಗಿರಲಿಲ್ಲ.

ಒಂದು ತೊಟ್ಟು. ಆ ಮೂರು ತಿಂಗಳು ಪ್ರತಿ ಪಾತ್ರೆಯಿಂದಲೂ ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡಿದ್ದರೆ ಸಾಕಿತ್ತು. ಆ ಹಾಲು ಚರಂಡಿಗೆ ಹೋಗುತ್ತಿರಲಿಲ್ಲ, ಜವರಮ್ಮನ ಹಸು ಅವಳ ಕೊಟ್ಟಿಗೆಯಲ್ಲಿರುತ್ತಿತ್ತು. ಪದ್ಮಕ್ಕ ಮಾಡುತ್ತಿರಲಿಲ್ಲ ಎಂದು ನಾನೂ ಮಾಡಲಿಲ್ಲ. ಅವರಿಗೆ ಅದು ನೇಮ. ನನಗೆ ಬರೀ ಬಿಂಕ. ಅವರಿಂದ ನಾನು ಕಲಿಯಬೇಕಾಗಿದ್ದದ್ದು ಮೂಗನ್ನಲ್ಲ, ಮುಚ್ಚಳವನ್ನು ಹಾಲಿನವರ ಮೂಗಿಗೇ ಹಿಡಿಯುವುದನ್ನು. ಎದುರಿನವರಿಗೆ ತೋರಿಸದೆ ಯಾರನ್ನೂ ತಪ್ಪುಗಾರರು ಅನ್ನಬಾರದು ಎಂಬ ಅಷ್ಟು ದೊಡ್ಡದನ್ನು ಬಿಟ್ಟು, ಅವರು ಏನು ತಿನ್ನುತ್ತಿರಲಿಲ್ಲ ಎಂಬ ಸಣ್ಣದನ್ನು ಹಿಡಿದುಕೊಂಡೆ. ಆ ಸಿಟ್ಟು ಗೆಡ್ಡೆಯದು ಇರಬಹುದು. ಎಷ್ಟು ಗೆಡ್ಡೆಯದು, ಎಷ್ಟು ನನ್ನದು ಎಂದು ಡಾಕ್ಟರನ್ನು ಕೇಳಿದೆ. ಅದನ್ನು ಯಾವ ಸ್ಕ್ಯಾನೂ ಹೇಳಲ್ಲ ಎಂದರು. ಆದರೆ ಮೊದಲ ದಿನದ "ಸರಿ ಇದೆ, ಸುರಿ" ಮಾತ್ರ ನನ್ನದೇ. ಅದನ್ನು ನಾನು ಗೊತ್ತಿದ್ದೇ ಹೇಳಿದ್ದೆ.

ಮನೆಗೆ ಬಂದು ಎರಡು ತಿಂಗಳಾದ ಮೇಲೆ, ನಡೆಯುವಷ್ಟು ಶಕ್ತಿ ಬಂದಾಗ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಜವರಮ್ಮನನ್ನು ಹುಡುಕಿಕೊಂಡು ಹೋದೆ. ಯಾರದೋ ಶುಂಠಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು.

"ಗೆಡ್ಡೆ ತೆಗ್ದವ್ರಂತಲ್ಲ" ಎಂದಳು ಕಳೆ ಕೀಳುತ್ತಲೇ.

"ಊಂ."

"ಈಗ ಯೋಳು. ನನ್ ಆಲು ಕೆಟ್ಟಿತ್ತಾ?"

"ಗೊತ್ತಿಲ್ಲ ಕಣೆ. ಆಗ್ಲೇ ಮೂರು ತಿಂಗ್ಳಿಂದ ನಂಗೆ ವಾಸ್ನೇನೇ ಬತ್ತಿರ್ನಿಲ್ಲ. ಯಾರ್ದು ಕೆಟ್ಟಿತ್ತೋ ನಂಗ್ ಗೊತ್ತೇ ಇಲ್ಲ."

ಅವಳ ಕೈ ನಿಂತಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ದೆ" ಎಂದಳು. ಬೈಯುವ ದನಿಯಲ್ಲೂ ಇರಲಿಲ್ಲ ಅದು. "ಇದ್ನ ಇಲ್ಲಿ ನನ್ ಮುಂದೆ ಯೋಳಿದ್ರೆ ಏನ್ ಬಂತು? ನನ್ ಮರ್ವಾದೆ ಓಗಿದ್ದು ಡೈರಿ ಮುಂದೆ. ಅಲ್ಲಿ ಯೋಳು."

ಗಂಡ ಬೇಡ ಎಂದರು. ಕೊನೆಗೆ, "ಓದ್ರೆ ಓಗು. ಗೆಡ್ಡೆಯಿಂದ ಅಂಗಾಯ್ತು ಅಂತ ಅಂದ್ಬುಡು, ಮುಗೀತದೆ" ಎಂದರು. ಮುಗಿಯುತ್ತಿತ್ತು ನಿಜ. ಊರವರು ಅಯ್ಯೋ ಪಾಪ ಅನ್ನುತ್ತಿದ್ದರು, ನನಗೂ ಆಸೆ ಇತ್ತು.

ಮರುದಿನ ಬೆಳಗ್ಗೆ ಸಾಲು ಪೂರ್ತಿ ಇರುವಾಗ ಹೋದೆ. ಜವರಮ್ಮ ಖಾಲಿ ಕೈಯಲ್ಲಿ ಕೊನೆಗೆ ನಿಂತಿದ್ದಳು. ನನಗೆ ವಾಸನೆ ಹೋಗಿದ್ದನ್ನು ಮುಚ್ಚಿಟ್ಟೆ, ಮೂಸಿದ ಹಾಗೆ ನಾಟಕ ಮಾಡಿದೆ, ಟ್ಯಾಂಕು ಕೆಟ್ಟದ್ದು ನನ್ನಿಂದ, ಜವರಮ್ಮನ ಹೆಸರನ್ನು ಸುಮ್ಮನೆ ಹೇಳಿದೆ. ಇಷ್ಟನ್ನೂ ಸಾಲಿನವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ. ಗೆಡ್ಡೆಯ ಮಾತು ಎತ್ತಲಿಲ್ಲ. ಒಂದಿಬ್ಬರು ಮುಖ ತಿರುಗಿಸಿದರು.

"ಓಗ್ಲಿ ಬುಡಿ, ಸತ್ತು ಬದುಕ್ ಬಂದವ್ಳೆ" ಎಂದರು ಈಗಿನ ಅಧ್ಯಕ್ಷರು.

ಹಿಂದಿನಿಂದ ಜವರಮ್ಮನ ದನಿ ಬಂತು. "ಬುಡಾದು ನಾನು ಸಾ. ನೀವಲ್ಲ."

ಕೆಲಸ ಬಿಟ್ಟೆ. ಫಿಟ್ಸ್ ಬರದ ಹಾಗೆ ದಿನಕ್ಕೆರಡು ಮಾತ್ರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನು. ಗೆಡ್ಡೆಯ ಚೂರೊಂದು ಒಳಗೆ ಉಳಿದಿದೆ, ಬೆಳೆಯದಿದ್ದರೆ ಸಾಕು ಎಂದಿದ್ದಾರೆ. ಎಡಗಣ್ಣು ಮುಕ್ಕಾಲು ಪಾಲು ವಾಪಸ್ ಬಂದಿದೆ. ಒಲೆ ಮುಂದೆ ನಾನೊಬ್ಬಳೇ ಇರಲು ಗಂಡ ಬಿಡುವುದಿಲ್ಲ, ಗ್ಯಾಸ್ ಸೋರಿದರೆ ನನಗೆ ತಿಳಿಯುವುದಿಲ್ಲವಲ್ಲ. ಬದುಕಿದ್ದೇನೆ. ಅದನ್ನು ಸಣ್ಣದು ಎನ್ನುವಷ್ಟು ಸೊಕ್ಕು ಈಗಿಲ್ಲ. ಜವರಮ್ಮನ ಹಾಲು ಮತ್ತೆ ತೆಗೆದುಕೊಳ್ಳುತ್ತೇವೆ ಎಂದು ಡೈರಿಯವರು ಹೇಳಿ ಕಳಿಸಿದರು. ಹಸು ಎಲ್ಲಿದೆ? ಕೊಂಡವನು ಅದನ್ನು ಅರಕಲಗೂಡಿನ ಆಚೆ ಯಾರಿಗೋ ದಾಟಿಸಿದ್ದಾನೆ. ಅವಳು ಈಗಲೂ ಕೂಲಿಗೇ ಹೋಗುತ್ತಾಳೆ.

ಮೊನ್ನೆ ಬಸ್ ಸ್ಟಾಪಿನ ಹತ್ತಿರ ಎದುರಾದಳು. ದಾಟಿ ಹೋದವಳು ನಿಂತಳು.

"ಕಣ್ ಕಾಣ್ತದಾ?"

"ಕಾಣ್ತದೆ."

"ಸರಿ ಮತ್ತೆ" ಎಂದು ಹೊರಟಳು.

ಕ್ಷಮಿಸಿದ್ದಾಳೆ ಎಂದು ಹೇಳಲಾರೆ. ಅವಳು ಕೊಟ್ಟದ್ದು ಅಷ್ಟು. ನಾನು ಅಷ್ಟನ್ನೇ ತೆಗೆದುಕೊಂಡು ಮನೆಗೆ ಬಂದೆ.